ಓಲಾಡುವ ಚಕ್ರಕ್ಕೆ 1874ರ ಪಾಠ

ಬ್ಯಾಟರಿ ಸೈಕಲ್ಲಿನ ಹಿಂದಿನ ಚಕ್ರ ಓಲಾಡಿದರೆ, ಕಡ್ಡಿ ಮುರಿದರೆ ನಾವೆಲ್ಲ ಮೊದಲು ಹೇಳುವುದು, "ಇನ್ನೂ ದಪ್ಪ ಕಡ್ಡಿ ಹಾಕಿ" ಎಂದು. ಎಷ್ಟೋ ಸಲ ಅದೇ ತಪ್ಪು ಮದ್ದು. ಯಾಕೆ ಎಂದು ತಿಳಿಯಲು ಕಡ್ಡಿಯ ಕಥೆಯನ್ನು ಮೊದಲಿನಿಂದ ನೋಡಬೇಕು.

ಎತ್ತಿನ ಗಾಡಿಯ ಚಕ್ರದಲ್ಲಿ ಮರದ ಕಡ್ಡಿಗಳು ಕಂಬದ ಹಾಗೆ ನಿಂತು ಭಾರ ಹೊರುತ್ತವೆ. ಮೊದಮೊದಲ ಸೈಕಲ್ಲುಗಳದ್ದೂ ಮರದ ಚಕ್ರವೇ. 1869ರಲ್ಲಿ ಪ್ಯಾರಿಸ್ಸಿನ ಯೂಜೀನ್ ಮೇಯರ್ ತಂತಿ ಕಡ್ಡಿಯ ಚಕ್ರಕ್ಕೆ ಪೇಟೆಂಟ್ ಪಡೆದ. ತಂತಿಯನ್ನು ಒತ್ತಿದರೆ ಬಾಗುತ್ತದೆ, ಎಳೆದರೆ ಗಟ್ಟಿ. ರಿಮ್ಮನ್ನು ಎಲ್ಲ ಕಡೆಯಿಂದಲೂ ಒಳಕ್ಕೆ ಎಳೆದು ಬಿಗಿದರೆ ತೆಳು ತಂತಿಯೂ ಸವಾರನನ್ನು ಹೊರುತ್ತದೆ. ಅಂದರೆ ಚಕ್ರದ ಬಲ ಇರುವುದು ಕಡ್ಡಿಯ ದಪ್ಪದಲ್ಲಷ್ಟೇ ಅಲ್ಲ, ಬಿಗಿಯಲ್ಲಿ.

ಆದರೆ ಹಬ್‌ನಿಂದ ನೇರ ಹೊರಟ ಕಡ್ಡಿಗೆ ತಿರುಗಿಸುವ ಬಲವನ್ನು ರಿಮ್‌ಗೆ ಮುಟ್ಟಿಸುವುದು ಕಷ್ಟ. 1874ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಓರೆ ಕಡ್ಡಿಗಳ ಚಕ್ರಕ್ಕೆ ಪೇಟೆಂಟ್ ಪಡೆದ. ಇಂದಿಗೂ ನಮ್ಮ ಸೈಕಲ್ಲುಗಳಲ್ಲಿ ಇರುವುದು ಅದೇ ಹೆಣಿಗೆ. ಸಾಮಾನ್ಯವಾಗಿ ಒಂದೊಂದು ಕಡ್ಡಿಯೂ ಬೇರೆ ಮೂರನ್ನು ದಾಟಿ ರಿಮ್ ಸೇರುತ್ತದೆ.

1895ರ ಕೊನೆಯ ದಿನ ಅಮೆರಿಕದ ಆಗ್ಡೆನ್ ಬೋಲ್ಟನ್‌ಗೆ ಹಿಂದಿನ ಹಬ್‌ನಲ್ಲೇ ಮೋಟಾರು ಇರುವ ಸೈಕಲ್ಲಿನ ಪೇಟೆಂಟ್ ಸಿಕ್ಕಿತು. ಅಲ್ಲಿಂದ ಇಂದಿನವರೆಗೆ ಮೋಟಾರು ಹಬ್ ಎಂದರೆ ದೊಡ್ಡ ಹಬ್. ಹಬ್ ದೊಡ್ಡದಾದಷ್ಟೂ ಕಡ್ಡಿ ಗಿಡ್ಡ. ಅಂಥ ಹಬ್‌ಗೂ ಮೂರು ದಾಟಿನ ಹೆಣಿಗೆ ಹಾಕಿದರೆ ಕಡ್ಡಿ ರಿಮ್‌ಗೆ ತೀರಾ ಓರೆಯಾಗಿ ಸೇರುತ್ತದೆ. ನಿಪ್ಪಲ್ ಅಷ್ಟು ವಾಲಲಾರದು. ಕಡ್ಡಿ ಅದರ ಬಾಯಲ್ಲೇ ಬಾಗಿ, ಕೊನೆಗೆ ಅಲ್ಲೇ ಮುರಿಯುತ್ತದೆ. ದೊಡ್ಡ ಹಬ್‌ಗೆ ಒಂದೇ ದಾಟು ಸಾಕು.

ದಪ್ಪ ಕಡ್ಡಿಯ ತೊಂದರೆ ಬೇರೆ. ಬಿಗಿದಾಗ ಅದು ಹೆಚ್ಚು ಹಿಗ್ಗುವುದಿಲ್ಲ. ಚಕ್ರ ಗುಂಡಿಗೆ ಬಿದ್ದು ರಿಮ್ ಒಂದಿಷ್ಟು ಒಳಸರಿದರೂ ಬಿಗಿ ಪೂರ್ತಿ ಹೋಗುತ್ತದೆ, ನಿಪ್ಪಲ್ ತಾನಾಗಿ ಸಡಿಲವಾಗುತ್ತದೆ. ಸುಮಾರು 2.6 ಮಿ.ಮೀ. ದಪ್ಪದ 12 ಗೇಜ್ ಕಡ್ಡಿಗಿಂತ 2 ಮಿ.ಮೀ.ನ 14 ಗೇಜ್ ಕಡ್ಡಿ ಎಷ್ಟೋ ಕಡೆ ಹೆಚ್ಚು ಬಾಳುವುದು ಇದೇ ಕಾರಣಕ್ಕೆ.

ಹಾಗಾದರೆ ಏನು ನೋಡಬೇಕು? ಚಕ್ರ ಎತ್ತಿ ತಿರುಗಿಸಿ. ರಿಮ್ ನೆಟ್ಟಗಿದ್ದು ಟೈರ್ ಮಾತ್ರ ಓಲಾಡಿದರೆ ಟೈರ್ ಸರಿಯಾಗಿ ಕೂತಿಲ್ಲ. ರಿಮ್ ಹಿಡಿದು ಅಲುಗಿಸಿದಾಗ ಇಡೀ ಚಕ್ರ ಆಡಿದರೆ ಅಚ್ಚಿನ ನಟ್ಟು, ಬೇರಿಂಗ್ ನೋಡಿ. ಎರಡೂ ಸರಿಯಿದ್ದರೆ ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ. ಒಂದೇ ಬದಿಯ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ಸದ್ದು ಕೊಡಬೇಕು. ಸದ್ದು ಮಂದವಾದದ್ದು ಸಡಿಲ. ರಿಮ್ ಬಲಕ್ಕೆ ವಾಲಿದ ಜಾಗದಲ್ಲಿ ಎಡಬದಿಯ ಕಡ್ಡಿ ಬಿಗಿ ಮಾಡಿ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ.

ಹಾಲಿನ ಕ್ಯಾನು ಕಟ್ಟಿಕೊಂಡು ಇಳಿಜಾರಿನಲ್ಲಿ ಬರುವಾಗ ಕಡ್ಡಿ ಮುರಿದರೆ ಬೀಳುವವರು ನಾವೇ. ಮತ್ತೆ ಮತ್ತೆ ಮುರಿಯುತ್ತಿದ್ದರೆ ಮೆಕ್ಯಾನಿಕ್ ಅಣ್ಣನನ್ನು ದಪ್ಪ ಕಡ್ಡಿ ಕೇಳಬೇಡಿ. ಒಂದು ಕಡ್ಡಿ ಎಷ್ಟನ್ನು ದಾಟಿದೆ ಎಂದು ಅವರ ಜೊತೆ ಕೂತು ಎಣಿಸಿ.