ಜಾರುವ ಹಿಂದಿನ ಚಕ್ರ

ಸೈಕಲ್ ಕಲಿತ ಹುಡುಗರೆಲ್ಲ ಒಂದಲ್ಲ ಒಂದು ದಿನ ಮಾಡಿರುವ ಪ್ರಯೋಗವೊಂದಿದೆ. ಮೈದಾನದ ಸಡಿಲ ಮಣ್ಣಿನಲ್ಲಿ ವೇಗವಾಗಿ ಬಂದು, ಹ್ಯಾಂಡಲನ್ನು ತುಸು ತಿರುಗಿಸಿ, ಹಿಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯುವುದು. ಹಿಂದಿನ ಚಕ್ರ ಉರುಳುವುದನ್ನು ನಿಲ್ಲಿಸಿ ಹೊರಕ್ಕೆ ಜಾರುತ್ತದೆ, ನೆಲದ ಮೇಲೆ ಕಮಾನಿನಂಥ ಗೆರೆ ಮೂಡುತ್ತದೆ. ನಾನೂ ಮಾಡಿದ್ದೇನೆ, ಮೊಣಕಾಲಿನ ಮೇಲೆ ಅದರ ಗುರುತು ಇನ್ನೂ ಇದೆ. ತರಗತಿಯಲ್ಲಿ ಘರ್ಷಣೆಯ ಪಾಠ ಬಂದಾಗಲೆಲ್ಲ ನನಗೆ ಆ ಗೆರೆ ನೆನಪಾಗುತ್ತದೆ. ಜಾರುತ್ತಿರುವ ವಸ್ತುವಿನ ಮೇಲಿನ ಘರ್ಷಣೆ, ಜಾರುವ ಮುನ್ನ ಇರುವ ಗರಿಷ್ಠ ಘರ್ಷಣೆಗಿಂತ ಕಡಿಮೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಹಾಗಿದ್ದರೆ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸುವ ಮೋಟಾರ್‌ಸೈಕಲ್ ಸವಾರರು ಪಂದ್ಯ ಗೆದ್ದದ್ದು ಹೇಗೆ?

ಉತ್ತರವನ್ನು ಮೊದಲು ಕಂಡುಕೊಂಡವರು ಸವಾರರೇ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ವೆಸ್ಟ್ ಮೇಟ್‌ಲ್ಯಾಂಡ್ ಊರಿನ ಪ್ರದರ್ಶನ ಮೈದಾನದಲ್ಲಿ 1923ರ ಡಿಸೆಂಬರ್ 15ರಂದು, ವಿದ್ಯುದ್ದೀಪಗಳ ಬೆಳಕಿನಲ್ಲಿ, ಜಾನಿ ಹಾಸ್ಕಿನ್ಸ್ ಏರ್ಪಡಿಸಿದ್ದ ಮೋಟಾರ್‌ಸೈಕಲ್ ಪಂದ್ಯದಿಂದ ‘ಸ್ಪೀಡ್‌ವೇ’ ಕ್ರೀಡೆ ಆರಂಭವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮಣ್ಣಿನ ಪಥಗಳಲ್ಲಿ ಪಂದ್ಯಗಳು ಅಮೆರಿಕದಲ್ಲಿ ಅದಕ್ಕೂ ಮೊದಲೇ ನಡೆಯುತ್ತಿದ್ದವು. ಆದ್ದರಿಂದ ‘ಮೊದಲು ಎಲ್ಲಿ’ ಎಂಬ ವಾದಕ್ಕೆ ಕೊನೆಯಿಲ್ಲ. 1928ರ ಫೆಬ್ರವರಿಯಲ್ಲಿ ಲಂಡನ್ ಬಳಿಯ ಹೈ ಬೀಚ್‌ನಲ್ಲಿ ಪಂದ್ಯ ನಡೆದ ಮೇಲೆ ಈ ಆಟ ಬ್ರಿಟನ್ನಿನಲ್ಲೂ ಹಬ್ಬಿತು. ಸ್ಪೀಡ್‌ವೇ ಯಂತ್ರಕ್ಕೆ ಬ್ರೇಕ್ ಇರುವುದಿಲ್ಲ, ಬದಲಾಯಿಸಲು ಗೇರುಗಳೂ ಇರುವುದಿಲ್ಲ. ಪಂದ್ಯ ಯಾವಾಗಲೂ ಅಪ್ರದಕ್ಷಿಣವಾಗಿ, ಅಂದರೆ ಎಲ್ಲ ತಿರುವುಗಳೂ ಎಡಕ್ಕೆ. ತಿರುವಿನಲ್ಲಿ ಸವಾರ ಎಡಗಾಲನ್ನು ನೆಲಕ್ಕೆ ಚಾಚುತ್ತಾನೆ. ಬೂಟಿನ ಅಡಿಗೆ ಉಕ್ಕಿನ ತಗಡು ಕಟ್ಟಿರುತ್ತಾನೆ. ಹಿಂದಿನ ಚಕ್ರ ಹೊರಕ್ಕೆ ಜಾರುತ್ತಿರುತ್ತದೆ. ನೋಡುವವರಿಗೆ ವಿಚಿತ್ರವೆನಿಸುವುದು ಮುಂದಿನ ಚಕ್ರ. ಯಂತ್ರ ಎಡಕ್ಕೆ ತಿರುಗುತ್ತಿದ್ದರೂ ಅದು ಬಲಕ್ಕೆ ಮುಖ ಮಾಡಿರುತ್ತದೆ!

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಒಬ್ಬ ಸವಾರ 40 ಮೀಟರ್ ತ್ರಿಜ್ಯದ ತಿರುವಿನಲ್ಲಿ ಸೆಕೆಂಡಿಗೆ 16 ಮೀಟರ್ (ಗಂಟೆಗೆ ಸುಮಾರು 58 ಕಿ.ಮೀ.) ವೇಗದಲ್ಲಿ ಸಾಗುತ್ತಿದ್ದಾನೆ ಎನ್ನೋಣ. ಅವನಿಗೆ ಬೇಕಾದ ಕೇಂದ್ರಾಭಿಮುಖ ವೇಗೋತ್ಕರ್ಷ 16ರ ವರ್ಗವನ್ನು 40ರಿಂದ ಭಾಗಿಸಿದರೆ ಬರುವ 6.4, ಅಂದರೆ ಗುರುತ್ವ ವೇಗೋತ್ಕರ್ಷವನ್ನು 10 ಎಂದಿಟ್ಟುಕೊಂಡರೆ ಅದರ 0.64 ಭಾಗ. ಟೈರು ಮತ್ತು ನೆಲದ ನಡುವಿನ ಘರ್ಷಣಾ ಗುಣಾಂಕ 0.8 ಇರಲಿ. ಪಾರ್ಶ್ವಬಲ ಮತ್ತು ಮುಂದಕ್ಕೆ ತಳ್ಳುವ ಬಲ ಒಂದಕ್ಕೊಂದು ಲಂಬವಾಗಿರುವುದರಿಂದ ಇವನ್ನು ಸದಿಶಗಳಂತೆ ಕೂಡಬೇಕು. 0.8ರ ವರ್ಗದಿಂದ 0.64ರ ವರ್ಗವನ್ನು ಕಳೆದು ವರ್ಗಮೂಲ ತೆಗೆದರೆ 0.48 ಸಿಗುತ್ತದೆ. ಹಿಡಿತದ ಶೇ. 80 ಭಾಗ ತಿರುವಿಗೆ ಖರ್ಚಾದರೂ ಶೇ. 60 ಭಾಗ ತಳ್ಳಲು ಉಳಿದಿದೆ! ಪೈಥಾಗೊರಸ್ ಕೊಟ್ಟ ಈ ಉಡುಗೊರೆಯನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬೇಕು. ವಾಹನ ಶಾಸ್ತ್ರದಲ್ಲಿ ಇದನ್ನು ಘರ್ಷಣೆಯ ವೃತ್ತ ಎನ್ನುತ್ತಾರೆ. ಜರ್ಮನಿಯ ಎಂಜಿನಿಯರ್ ವುನಿಬಾಲ್ಡ್ ಕಾಮ್ ಅವರ ಹೆಸರಿನಿಂದಲೂ ಅದು ಪರಿಚಿತ.

ಈಗ ಸವಾರ ಥ್ರಾಟಲನ್ನು ಇನ್ನಷ್ಟು ತಿರುಗಿಸುತ್ತಾನೆ. ಹಿಡಿತದ ಮಿತಿ ಮೀರಿ ಹಿಂದಿನ ಚಕ್ರ ಜಾರಲಾರಂಭಿಸುತ್ತದೆ. ಘರ್ಷಣೆ ಮಾಯವಾಗುವುದಿಲ್ಲ. ಅದರ ಪರಿಮಾಣ ಹೆಚ್ಚುಕಡಿಮೆ ಹಾಗೆಯೇ ಉಳಿದು ದಿಕ್ಕು ಬದಲಾಗುತ್ತದೆ. ಚಕ್ರ ಹೆಚ್ಚು ಗಿರಕಿ ಹೊಡೆದಷ್ಟೂ ಬಲ ಯಂತ್ರದ ಉದ್ದಕ್ಕೆ ವಾಲುತ್ತದೆ, ಪಾರ್ಶ್ವದ ಪಾಲು ಕುಗ್ಗುತ್ತದೆ, ಹಿಂಭಾಗ ಹೊರಕ್ಕೆ ಸರಿಯುತ್ತದೆ. ಸರಿದಂತೆ ಯಂತ್ರದ ಮೂತಿ ತಿರುವಿನ ಒಳಮುಖವಾಗುತ್ತದೆ. ಚಲನೆಯ ದಿಕ್ಕಿಗಿಂತ 30 ಡಿಗ್ರಿ ಒಳಗೆ ತಿರುಗಿದ ಯಂತ್ರದಲ್ಲಿ ತಳ್ಳುವ ಬಲದ ಅರ್ಧ ಭಾಗ (ಸೈನ್ 30 = 0.5) ಕೇಂದ್ರದ ಕಡೆಗೇ ಎಳೆಯುತ್ತದೆ, ಶೇ. 87 ಭಾಗ ಮುಂದಕ್ಕೆ ಒಯ್ಯುತ್ತದೆ. ಅಂದರೆ ಎಂಜಿನ್ನೇ ಯಂತ್ರವನ್ನು ತಿರುಗಿಸುತ್ತಿದೆ. ಚುಕ್ಕಾಣಿ ಸವಾರನ ಬಲ ಮಣಿಕಟ್ಟಿನಲ್ಲಿದೆ. ಮುಂದಿನ ಚಕ್ರ ಬಲಕ್ಕೆ ತಿರುಗಿದಂತೆ ಕಂಡರೂ ನಿಜವಾಗಿ ಅದು ಯಂತ್ರ ಸಾಗುತ್ತಿರುವ ದಿಕ್ಕನ್ನೇ ಹೆಚ್ಚುಕಡಿಮೆ ನೋಡುತ್ತಿರುತ್ತದೆ.

ಇದನ್ನು ಮಣ್ಣಿನಲ್ಲೇ ಕಲಿಯಬೇಕಾದದ್ದೇಕೆ? ಪುಸ್ತಕದ ಎರಡು ಗುಣಾಂಕಗಳು ಇಲ್ಲಿ ಸಾಲವು. 1699ರಲ್ಲಿ ಅಮೊಂಟೊ, ಅನಂತರ 1785ರ ಸುಮಾರಿಗೆ ಕೂಲಂಬ್ ಕೊಟ್ಟ ನಿಯಮಗಳು ಗಟ್ಟಿ ಮೇಲ್ಮೈಗಳಿಗೆ ಸಂಬಂಧಿಸಿದವು. ರಬ್ಬರ್ ಟೈರು ಪಾರ್ಶ್ವಬಲ ಉಂಟುಮಾಡಬೇಕಾದರೆ ಸ್ವಲ್ಪವಾದರೂ ಓರೆಯಾಗಿ ಸಾಗಲೇಬೇಕು. ಈ ಓರೆಕೋನವನ್ನು ಫ್ರಾನ್ಸಿನ ಜಾರ್ಜ್ ಬ್ರೂಲಿಯೆ 1925ರಲ್ಲಿ ಗುರುತಿಸಿದರು. ಮೇಟ್‌ಲ್ಯಾಂಡ್ ಪಂದ್ಯಕ್ಕೂ ಇದಕ್ಕೂ ಎರಡೇ ವರ್ಷದ ಅಂತರ! ಕೋನ ಹೆಚ್ಚಿದಂತೆ ಬಲ ಏರಿ ಶಿಖರ ಮುಟ್ಟಿ ಇಳಿಯುತ್ತದೆ. ಡಾಂಬರಿನ ಮೇಲೆ ಈ ಶಿಖರ ಚೂಪು, ಆಚೆ ಬದಿ ಕಡಿದು. ಸಡಿಲ ಮಣ್ಣಿನಲ್ಲಿ ಟೈರು ಮಣ್ಣನ್ನು ಬದಿಗೆ ಒತ್ತರಿಸಿ ರಾಶಿ ಮಾಡುವುದರಿಂದ ಶಿಖರ ಚಪ್ಪಟೆಯಾಗಿ ವಿಸ್ತರಿಸಿರುತ್ತದೆ. ಹಿಡಿತ ನಿಧಾನವಾಗಿ ಹೋಗುತ್ತದೆ, ನಿಧಾನವಾಗಿ ಮರಳುತ್ತದೆ. ಕೈ ಕಲಿಯುವಷ್ಟು ಸಮಯ ಸಿಗುತ್ತದೆ.

ಡಾಂಬರು ಅಷ್ಟು ಸಮಯ ಕೊಡುವುದಿಲ್ಲ. ಜಾರುತ್ತಿರುವಾಗ ಹೆದರಿ ಥ್ರಾಟಲನ್ನು ಪೂರ್ತಿ ಮುಚ್ಚಿದರೆ ಚಕ್ರ ತಟ್ಟನೆ ಹಿಡಿತ ಪಡೆಯುತ್ತದೆ. ಅಡ್ಡಕ್ಕೆ ಚಲಿಸುತ್ತಿದ್ದ ಯಂತ್ರದ ಬುಡ ನಿಂತರೂ ಜಡತ್ವದಿಂದ ಮೇಲ್ಭಾಗ ನಿಲ್ಲುವುದಿಲ್ಲ. ಸವಾರ ಕವಣೆಯಿಂದ ಹೊರಟ ಕಲ್ಲಿನಂತೆ ಎತ್ತರಕ್ಕೆ ಚಿಮ್ಮುತ್ತಾನೆ. ಇದಕ್ಕೆ ‘ಹೈಸೈಡ್’ ಎಂದು ಹೆಸರು. ಸುಮ್ಮನೆ ಜಾರಿ ಬೀಳುವುದಕ್ಕಿಂತ ಇದು ಬಹಳ ಅಪಾಯಕಾರಿ.

ಮಣ್ಣಿನ ವಿದ್ಯೆಯನ್ನು ಡಾಂಬರಿಗೆ ತಂದವರಲ್ಲಿ ಪ್ರಮುಖರು ಕ್ಯಾಲಿಫೋರ್ನಿಯದ ಕೆನ್ನಿ ರಾಬರ್ಟ್ಸ್. 1973 ಮತ್ತು 1974ರಲ್ಲಿ, ಮಣ್ಣಿನ ಪಥಗಳೇ ಪ್ರಧಾನವಾಗಿದ್ದ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಅವರು, 1978ರಿಂದ 1980ರವರೆಗೆ ಸತತ ಮೂರು ವರ್ಷ 500 ಸಿಸಿ ವಿಶ್ವ ಪ್ರಶಸ್ತಿ ಗೆದ್ದರು. ತಿರುವಿನಿಂದ ಹೊರಬರುವಾಗ ಹಿಂದಿನ ಚಕ್ರವನ್ನು ತುಸುವೇ ಜಾರಿಸಿ ಯಂತ್ರದ ಮುಖವನ್ನು ನೇರ ದಾರಿಗೆ ಬೇಗನೆ ತಿರುಗಿಸುವುದು ಅವರ ರೀತಿ. ಅನಂತರ ಬಂದ ಫ್ರೆಡ್ಡಿ ಸ್ಪೆನ್ಸರ್, ಎಡ್ಡಿ ಲಾಸನ್, ವೇಯ್ನ್ ರೇನಿ ಕೂಡ ಮಣ್ಣಿನಿಂದ ಬಂದವರೇ. ತಮ್ಮ ಹೊಲದ ಮಣ್ಣಿನ ಪಥದಲ್ಲಿ ಪುಟ್ಟ 100 ಸಿಸಿ ಬೈಕುಗಳ ಮೇಲೆ ರಾಬರ್ಟ್ಸ್ ಸವಾರರಿಗೆ ತರಬೇತಿ ಕೊಡುತ್ತಿದ್ದರು. ಜಗತ್ತಿನ ಅತಿ ವೇಗದ ಸವಾರರು ಆಟಿಕೆಯಂಥ ಬೈಕಿನ ಮೇಲೇಕೆ ಎಂದು ನಗಬೇಡಿ. ಶಕ್ತಿ ಕಡಿಮೆಯಾದ್ದರಿಂದ ತಪ್ಪಿಗೆ ತೆರಬೇಕಾದ ಬೆಲೆಯೂ ಕಡಿಮೆ. ಒಂದೇ ಮಧ್ಯಾಹ್ನದಲ್ಲಿ ನೂರಾರು ಬಾರಿ ಜಾರಿ ನೋಡಬಹುದು. ಒಳ್ಳೆಯ ಪ್ರಯೋಗಶಾಲೆಯ ಲಕ್ಷಣವೇ ಅದು.

ಆದರೂ ಕೌಶಲಕ್ಕೆ ಮಿತಿಯಿತ್ತು. ಸುಮಾರು 130 ಕೆ.ಜಿ. ತೂಕ, 150 ಅಶ್ವಶಕ್ತಿಗೂ ಮಿಕ್ಕಿದ ಎಂಜಿನ್, ಅದೂ ಎರಡು ಹೊಡೆತದ ಎಂಜಿನ್. ಸುತ್ತುಗಳ ಕಿರಿದಾದ ವ್ಯಾಪ್ತಿಯಲ್ಲಿ ಶಕ್ತಿ ಏಕಾಏಕಿ ಉಕ್ಕುತ್ತಿತ್ತು. 1992ರಲ್ಲಿ ಹೋಂಡಾ ಸಂಸ್ಥೆ ನಾಲ್ಕೂ ಸಿಲಿಂಡರುಗಳು ಸುಮಾರು 70 ಡಿಗ್ರಿ ಅಂತರದೊಳಗೇ ಉರಿಯುವಂತೆ ಮಾಡಿತು. ಎರಡು ಹೊಡೆತಗಳ ನಡುವಿನ ಬಿಡುವಿನಲ್ಲಿ ಟೈರು ಹಿಡಿತವನ್ನು ಮರಳಿ ಪಡೆಯುತ್ತದೆ ಎಂಬುದು ಇದಕ್ಕೆ ಕೊಡುತ್ತಿದ್ದ ವಿವರಣೆ. 1993ರ ಸೆಪ್ಟೆಂಬರ್ 5ರಂದು ಇಟಲಿಯ ಮಿಸಾನೊದಲ್ಲಿ, ಅದಾಗಲೇ ಮೂರು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ರೇನಿ ಪಂದ್ಯದ ಮುಂಚೂಣಿಯಲ್ಲಿದ್ದಾಗ ಹಿಂದಿನ ಚಕ್ರ ಹಿಡಿತ ತಪ್ಪಿತು. ಬಿದ್ದ ರಭಸಕ್ಕೆ ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗೆ ಸ್ವಾಧೀನ ತಪ್ಪಿತು. ಜಾರಿಸುವುದರಲ್ಲಿ ಅವರಷ್ಟು ಪಳಗಿದವರು ಆಗ ಕೆಲವರೇ ಇದ್ದರು.

ಸವಾರರ ಅರಿವು, ವಿಜ್ಞಾನಿಗಳ ಅರಿವು ಎರಡೂ ಒಂದೆಡೆ ಸೇರಿದ್ದು ತಡವಾಗಿ. ಟೈರಿನ ಬಲವನ್ನು ಒಂದೇ ಸೂತ್ರದಲ್ಲಿ ಹಿಡಿದಿಡುವ ಪ್ರಸಿದ್ಧ ಸಮೀಕರಣವನ್ನು ನೆದರ್‌ಲೆಂಡ್ಸ್‌ನ ಹ್ಯಾನ್ಸ್ ಪಸೆಯ್ಕಾ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದರು. ಈಗಿನ ದುಬಾರಿ ಮೋಟಾರ್‌ಸೈಕಲ್‌ಗಳಲ್ಲಿ ಎರಡೂ ಚಕ್ರಗಳ ವೇಗವನ್ನು ಸಂವೇದಕಗಳು ಹೋಲಿಸುತ್ತವೆ, ವಾಲುವ ಕೋನವನ್ನು ಮತ್ತೊಂದು ಸಂವೇದಕ ಅಳೆಯುತ್ತದೆ. ಹಿಂದಿನ ಚಕ್ರ ಮಿತಿಮೀರಿ ತಿರುಗಿದರೆ ಗಣಕ ಎಂಜಿನ್ನಿನ ಶಕ್ತಿಯನ್ನು ನಯವಾಗಿ ತಗ್ಗಿಸುತ್ತದೆ. ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆಯನ್ನು ನಮ್ಮ ದೇಶದಲ್ಲಿ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಮೋಟಾರ್‌ಸೈಕಲ್‌ಗಳಿಗೂ 2019ರ ಏಪ್ರಿಲ್‌ನಿಂದ ಕಡ್ಡಾಯ ಮಾಡಲಾಯಿತು. ರಸ್ತೆಯ ಮೇಲೆ ಜಾರಿಸುವ ಸಾಹಸವನ್ನು ಯಾವ ವಿದ್ಯಾರ್ಥಿಯೂ ಮಾಡಬಾರದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ.

ಕಚ್ಚಾ ದಾರಿಗೆಂದೇ ತಯಾರಾದ ಕೆಲವು ಮೋಟಾರ್‌ಸೈಕಲ್‌ಗಳಲ್ಲಿ ಹಿಂದಿನ ಚಕ್ರದ ಎಬಿಎಸ್ ಆರಿಸಲು ಒಂದು ಗುಂಡಿ ಇರುತ್ತದೆ. ಮೈದಾನದಲ್ಲಿ ಸೈಕಲ್ ಹುಡುಗ ಎಳೆದ ಗೆರೆಯನ್ನು ಹತ್ತಿರದಿಂದ ನೋಡಿದರೆ ಅದರ ಕಾರಣ ಕಾಣುತ್ತದೆ: ಗೆರೆಯ ಹೊರ ಅಂಚಿನಲ್ಲಿ ಮಣ್ಣು ಸಣ್ಣ ಬದುವಿನಂತೆ ರಾಶಿಬಿದ್ದಿರುತ್ತದೆ. ಜಾರಿದ ಚಕ್ರವನ್ನು ತಡೆದದ್ದರಲ್ಲಿ ಆ ಬದುವಿನ ಪಾಲೂ ಇದೆ.