ಸುರಪುರದ ‘ಅಪ್ಪಾ’

ಫಿನ್ಲೆಂಡಿನ ಉತ್ತರದ ರೊವಾನಿಯೆಮಿಗೆ ಹೋಗಿ ಬಿಳಿಗಡ್ಡದ ಸಾಂತಾ ಮುತ್ಯಾನನ್ನು ನೋಡಬೇಕೆಂದು ಮೊಮ್ಮಕ್ಕಳು ಹಟ ಹಿಡಿದಿದ್ದಾರೆ. “ಮೊದಲು ನಮ್ಮ ಸೀಮೆಯ ಬಿಳಿಯ ಅಪ್ಪನ ಮನೆ ನೋಡಿ ಬರೋಣ” ಎಂದೆ. ಯಾದಗಿರಿಯಲ್ಲಿ ರೈಲಿಳಿದು, ಶಹಾಪುರದ ಮಲಗಿದ ಬುದ್ಧನ ಬೆಟ್ಟ ಕಂಡು, ಸುರಪುರದ ಟೇಲರ್ ಮಂಜಿಲ್ ಸೇರುವುದೆಂದು ಗೊತ್ತುಮಾಡಿದೆವು.

1841ರಲ್ಲಿ ಸುರಪುರಕ್ಕೆ ಬಂದ ಮೆಡೋಸ್ ಟೇಲರನನ್ನು ಬಾಲರಾಜ ವೆಂಕಟಪ್ಪನಾಯಕನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. 1858ರ ದಂಗೆ ಮುರಿದ ಮೇಲೆ ಸೆರೆಯಲ್ಲಿದ್ದ ಅರಸನನ್ನು ಹೋಗಿ ಕಂಡವನೂ ಟೇಲರನೇ. ಮರಣದಂಡನೆಯು ಕೊನೆಗೆ ನಾಲ್ಕು ವರ್ಷದ ಸೆರೆಗಿಳಿಯಿತು. ಆದರೆ ಒಯ್ಯುವ ದಾರಿಯಲ್ಲೇ ಗುಂಡು ತಗುಲಿ ಅರಸನು ತೀರಿಕೊಂಡನು. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು.

ಮಗನ ರಾಜ್ಯ ಹೋಯಿತು. ಅಪ್ಪನ ಬಂಗಲೆ ಉಳಿದಿದೆ. ಅದರ ಮುಂದೆ ನಿಂತೇ ಮಕ್ಕಳಿಗೆ ಇದನ್ನು ಹೇಳಬೇಕೆಂದಿದ್ದೇನೆ.