ದಿಲ್ಲಿ ಚಳಿ, ಎರಡು ಕಡ್ಡಿ

ನಮ್ಮ ಕಡೆ ಉಣ್ಣೆ ಅಂದ್ರೆ ಕುರುಬರು ನೇಯ್ದ ಕಂಬಳಿ. ಕಡ್ಡಿಯಲ್ಲಿ ಹೆಣೆದ ಸ್ವೆಟರಿನ ಬೆಲೆ ತಿಳಿದದ್ದು ಬ್ಯಾಂಕಿನ ವರ್ಗಾವಣೆ ನಮ್ಮನ್ನು ದಿಲ್ಲಿಗೆ ತಂದ ಮೇಲೆ. ಅಲ್ಲಿ ಈ ವಿದ್ಯೆ ಪಂಜಾಬಿ ಹೆಂಗಸರದು; 1947ರ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಕುಟುಂಬಗಳವರು. 1962ರ ಚೀನಾ ಯುದ್ಧದಲ್ಲಂತೂ ಹಿಮಾಲಯದ ಜವಾನರಿಗಾಗಿ ಊರೂರಲ್ಲಿ ಹೆಂಗಸರು ಕಡ್ಡಿ ಹಿಡಿದಿದ್ದರು.

ನನ್ನ ಹೆಂಡತಿಗೆ ಕಲಿಸಿದ್ದು ನೆರೆಮನೆಯ ಅಜ್ಜಿ. ಚಳಿಗಾಲದ ಮಧ್ಯಾಹ್ನ, ಬಿಸಿಲಿಗೆ ಚಾರ್‌ಪಾಯಿ ಹಾಕಿ, 'ದೋ ಸೀಧೇ, ದೋ ಉಲ್ಟೇ' ಎಂದು ಹೇಳಿಕೊಡೋರು. ಇವಳ ಹಿಂದಿ ಶುರುವಾದದ್ದೇ ಅಲ್ಲಿಂದ! ನೇಯ್ದದ್ದನ್ನು ಬಿಚ್ಚಿ ಮತ್ತೆ ಬಳಸೋದು ಕಷ್ಟ; ಹೆಣೆದದ್ದು ಒಂದೆಳೆ ಎಳೆದರೆ ಸರಸರ ಬಿಚ್ಚುತ್ತದೆ. ಮಗ ಬೆಳೆದಂತೆ ಅವನ ಸ್ವೆಟರ್ ಬಿಚ್ಚಿ, ಉಣ್ಣೆ ತೊಳೆದು, ಹೊಸ ಉಂಡೆ ಸೇರಿಸಿ ದೊಡ್ಡದು ಮಾಡ್ತಿದ್ದಳು. ಉಳಿದದ್ದು ಮಗಳಿಗೆ ಟೋಪಿ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಲೂಧಿಯಾನದ ಕಾರ್ಖಾನೆಗಳ ದೊಡ್ಡ ಗಿರಾಕಿ ಕೈತಪ್ಪಿ, ಅವರು ನಮ್ಮ ಪೇಟೆಗಳತ್ತ ತಿರುಗಿದರು. ಉಣ್ಣೆ ಕೊಂಡು ಹೆಣೆಯುವುದಕ್ಕಿಂತ ಸಿದ್ಧ ಸ್ವೆಟರೇ ಅಗ್ಗವಾಯಿತು. ಲೆಕ್ಕದಲ್ಲಿ ಲಾಭವೇ, ಒಪ್ಪಿದೆ. ಆದರೆ ನೋಡಿ, ಕಡ್ಡಿ ನಿಂತ ಮೇಲೆ ಬಿಸಿಲಿನ ಆ ಕೂಟವೂ ನಿಂತಿತು. ಪರಊರಲ್ಲಿ ನಮಗೆ ನೆಂಟರನ್ನು ಕೊಟ್ಟದ್ದು ಅದೇ.